ವಾಗ್ದಾನದ ಕಾರ್ಡೂ ಎದುರುಮನೆಯವರೂ

‘ಒಳ್ಳೇದನ್ನೇ ಯೋಚನೆ ಮಾಡು’ ಎಂದು ಕ್ರೈಸ್ತ ಮನೆಗಳಲ್ಲಿ ಹಿರಿಯರು ಹೇಳುವಾಗ ಆಧಾರಕ್ಕೆ ತೋರಿಸುವುದು ಫಿಲಿಪ್ಪಿಯವರಿಗೆ ಪೌಲ ಬರೆದ ಪತ್ರದ 4ನೇ ಅಧ್ಯಾಯದ 8ನೇ ವಚನವನ್ನು. ಸತ್ಯವೂ ನ್ಯಾಯವೂ ಶುದ್ಧವೂ ಆದದ್ದರ ಮೇಲೆ ಮನಸ್ಸಿಡಿ ಎಂಬುದು ಅದರ ಸಾರ. ಪೌಲ ಅದನ್ನು ಬರೆದದ್ದು ಸೆರೆಯಲ್ಲಿದ್ದಾಗ. ಅದೇ ಅಧ್ಯಾಯದ ಶುರುವಿನಲ್ಲಿ, ಮನಸ್ತಾಪ ಮಾಡಿಕೊಂಡಿದ್ದ ಇಬ್ಬರು ಹೆಂಗಸರಿಗೆ ಒಂದಾಗಿರಿ ಎಂದು ಅವನು ಬೇಡಿಕೊಳ್ಳುತ್ತಾನೆ. ಎಂದರೆ, ಈ ಉಪದೇಶ ಹುಟ್ಟಿದ್ದು ನೆರೆಹೊರೆಯ ಜಗಳದ ನಡುವೆ. ಒಬ್ಬೊಬ್ಬರ ನೆಮ್ಮದಿಗೆಂದು ಅಲ್ಲ. ಕೋಲಾರ ಸೀಮೆಯ ಕ್ರೈಸ್ತ ಬದುಕಿನಲ್ಲಿ ಈ ಎಳೆ ಎಲ್ಲಿ ಗಟ್ಟಿಯಾಗಿತ್ತು, ಎಲ್ಲಿ ಸಡಿಲಾಯಿತು ಎಂದು ನೋಡಬೇಕು.

ಯೋಚನೆಯ ಮೇಲೆ ಕಣ್ಣಿಡುವ ಈ ಪಾಠ ಪೌಲನ ನಂತರವೂ ಮುಂದುವರಿಯಿತು. 4ನೇ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯ ಸನ್ಯಾಸಿ ಇವಾಗ್ರಿಯಸ್ ಮನಸ್ಸನ್ನು ಕಾಡುವ ಎಂಟು ಯೋಚನೆಗಳನ್ನು ಪಟ್ಟಿ ಮಾಡಿದ. ಕೋಪ, ದುಃಖ, ಜಂಬ ಎಲ್ಲವೂ ಅದರಲ್ಲಿವೆ. ಯೋಚನೆ ಬರುವುದೇ ತಪ್ಪಲ್ಲ, ಅದಕ್ಕೆ ಮಣೆ ಹಾಕಿ ಕೂರಿಸುವುದು ತಪ್ಪು ಎಂಬ ಅವನ ತಿಳಿವಳಿಕೆ ಇಂದಿನ ಆಪ್ತಸಮಾಲೋಚಕರಿಗೂ ಒಪ್ಪಿಗೆಯಾದೀತು.

ಕೋಲಾರದಲ್ಲಿ ಪುಸ್ತಕಕ್ಕಿಂತ ಮೊದಲು ಅನ್ನದ ಕೆಲಸ ನಡೆಯಿತು. 1876ರಿಂದ 78ರವರೆಗಿನ ಬರಗಾಲದಲ್ಲಿ ಮೈಸೂರು ಸಂಸ್ಥಾನ ಸುಮಾರು 10 ಲಕ್ಷ ಜನರನ್ನು ಕಳೆದುಕೊಂಡಿತು. ಆಗ ಮಿಸ್ ಆನ್‌ಸ್ಟೆ ಎಂಬ ಇಂಗ್ಲಿಷ್ ಮಹಿಳೆ ಕೋಲಾರದಲ್ಲಿ ದಿಕ್ಕಿಲ್ಲದ ಮಕ್ಕಳನ್ನು ಸೇರಿಸಿಕೊಂಡು ಸಾಕಿದರು. 1890ರಲ್ಲಿ ಅವರ ಮಿಷನ್ ಅಮೆರಿಕದ ಮೆಥೊಡಿಸ್ಟರ ಕೈಗೆ ಬಂತು. ಮುಂದೆ ಮೆಥೊಡಿಸ್ಟರು ಕಟ್ಟಿದ ಎಲೆನ್ ಥೋಬರ್ನ್ ಕೋವನ್ ಸ್ಮಾರಕ ಆಸ್ಪತ್ರೆಯನ್ನು ಜನ ಇ.ಟಿ.ಸಿ.ಎಂ. ಎಂದೇ ಕರೆಯುತ್ತಾರೆ. ಹಸಿದ ಮಕ್ಕಳನ್ನು ಸಾಕಿ ಕ್ರೈಸ್ತರನ್ನಾಗಿ ಬೆಳೆಸಿದ್ದು ಸರಿಯೇ ಎಂಬ ಪ್ರಶ್ನೆ ಇಂದಿಗೂ ನ್ಯಾಯವಾದದ್ದೇ. ಆದರೆ ಪೌಲ ಕೇಳಿದ ಒಳ್ಳೆಯ ಯೋಚನೆ ಅಲ್ಲಿ ಗಂಜಿಯಾಗಿ, ಔಷಧಿಯಾಗಿ ಬೀದಿಗೆ ಇಳಿಯಿತೆಂಬುದನ್ನು ಅಲ್ಲಗಳೆಯಲಾಗದು.

ಬೇರೆಯವರ ದೇವರನ್ನು ಗೌರವದಿಂದ ಕಾಣುವ ಪಾಠ ಮಾತ್ರ ತಡವಾಗಿ ಬಂತು. 19ನೇ ಶತಮಾನದ ಮಿಷನರಿ ಕರಪತ್ರಗಳಲ್ಲಿ ಅನ್ಯಮತದ ಖಂಡನೆಗೆ ಬರವಿರಲಿಲ್ಲ. ಕನ್ನಡದಲ್ಲಿ ಆ ದನಿ ಬದಲಾದದ್ದನ್ನು ಕಾಣಬೇಕಾದರೆ ಕೋಲಾರ ಬಿಟ್ಟು ಧಾರವಾಡದ ಕಡೆ ಹೋಗಬೇಕು. ಬಾಸೆಲ್ ಮಿಷನ್ನಿನ ಪಾದ್ರಿ ಉತ್ತಂಗಿ ಚನ್ನಪ್ಪ (1881–1962) ಓಲೆಗರಿ, ಕೈಬರಹಗಳನ್ನು ಹುಡುಕಿ, ಜನರ ಬಾಯಲ್ಲಿದ್ದದ್ದನ್ನು ಕೇಳಿ ಬರೆದುಕೊಂಡು, 1924ರಲ್ಲಿ ಸರ್ವಜ್ಞನ ವಚನಗಳನ್ನು ಪ್ರಕಟಿಸಿದರು. ಇಂದು ಸರ್ವಜ್ಞನನ್ನು ಓದುವವರೆಲ್ಲ ಆ ದುಡಿಮೆಯ ಸಾಲಗಾರರು. ಅನುಭವ ಮಂಟಪದ ಐತಿಹಾಸಿಕತೆಯನ್ನು ಎತ್ತಿಹಿಡಿದು ಬರೆದವರೂ ಅವರೇ. 1949ರ ಕಲಬುರಗಿ ಸಾಹಿತ್ಯ ಸಮ್ಮೇಳನ ಅವರನ್ನು ಅಧ್ಯಕ್ಷರನ್ನಾಗಿ ಕೂರಿಸಿತು. ಕ್ರಿಸ್ತನನ್ನು ಬಿಡದೆಯೇ ಶರಣರಿಗೆ ತಲೆಬಾಗಿದವರು ಅವರು. ಕನ್ನಡ ಕ್ರೈಸ್ತ ಚಿಂತನೆಯಲ್ಲಿ ನನಗೆ ಅತಿ ದೊಡ್ಡದಾಗಿ ಕಾಣುವ ಹೆಜ್ಜೆ ಇದು. ಚರ್ಚಿನ ಬೋಧನೆಗಳಲ್ಲಿ ಅವರ ಹೆಸರು ಎಷ್ಟು ವಿರಳವೆಂದು ನೆನೆದರೆ ಬೇಸರವಾಗುತ್ತದೆ. ಕಾರ್ಕಳದಲ್ಲಿ ಹುಟ್ಟಿದ ಸ್ಟ್ಯಾನ್ಲಿ ಸಮರ್ಥ 1970ರ ದಶಕದಲ್ಲಿ ಜಾಗತಿಕ ಸಭೆಗಳ ಮಂಡಳಿಯ ಅಂತರಧರ್ಮೀಯ ಸಂವಾದದ ಹೊಣೆ ಹೊತ್ತರು. ಕ್ಯಾಥೊಲಿಕ್ ಸಭೆಯಂತೂ 1965ರಲ್ಲೇ, ಎರಡನೇ ವ್ಯಾಟಿಕನ್ ಸಮ್ಮೇಳನದಲ್ಲಿ, ಅನ್ಯಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದದ್ದನ್ನು ತಿರಸ್ಕರಿಸುವುದಿಲ್ಲವೆಂದು ಘೋಷಿಸಿತ್ತು.

ಇನ್ನೊಂದು ಹೊಳೆ ಅಮೆರಿಕದಿಂದ ಹರಿಯಿತು. ನ್ಯೂಯಾರ್ಕಿನ ಪಾದ್ರಿ ನಾರ್ಮನ್ ವಿನ್ಸೆಂಟ್ ಪೀಲ್ 1952ರಲ್ಲಿ ಸಕಾರಾತ್ಮಕ ಚಿಂತನೆಯ ಶಕ್ತಿಯ ಬಗ್ಗೆ ಬರೆದ ಪುಸ್ತಕ ಲೋಕವಿಡೀ ಮಾರಾಟವಾಯಿತು. ಅಲ್ಲಿಂದಾಚೆಗೆ ‘ಒಳ್ಳೆಯ ಯೋಚನೆ’ ಎಂದರೆ ನನ್ನ ಆರೋಗ್ಯ, ನನ್ನ ಕೆಲಸ, ನನ್ನ ಏಳಿಗೆ ಎನ್ನುವಂತಾಯಿತು. ಡಿಸೆಂಬರ್ 31ರ ರಾತ್ರಿಯ ಆರಾಧನೆಯಲ್ಲಿ ಎತ್ತಿಕೊಳ್ಳುವ, ಬೈಬಲಿನ ವಚನ ಬರೆದ ವಾಗ್ದಾನದ ಕಾರ್ಡು ನೋಡಿ: ನಿನ್ನನ್ನು ಆಶೀರ್ವದಿಸುವೆನು, ನಿನ್ನನ್ನು ಕೈಬಿಡೆನು ಎಂಬ ಧಾಟಿಯ ಮಾತೇ ಹೆಚ್ಚು. ಎಲ್ಲರಿಗೂ ಮಾನ ಕೊಡಿ ಎಂಬ ಪೇತ್ರನ ಮಾತು ಕಾರ್ಡಾಗಿ ಕೈಗೆ ಬರುವುದು ಅಪರೂಪ. ಕಾರ್ಡು ಕೊಟ್ಟ ಧೈರ್ಯ ಸುಳ್ಳಲ್ಲ. ಸಾಲದಲ್ಲಿ ಮುಳುಗಿದವರು ಅದನ್ನು ಬೈಬಲಿನೊಳಗಿಟ್ಟುಕೊಂಡು ವರ್ಷ ನೂಕುತ್ತಾರೆ. ಆದರೆ ಅದರಲ್ಲಿ ಎದುರುಮನೆಯವರಿಗೆ ಜಾಗವಿಲ್ಲ.

ಈ ಸೀಮೆಯಲ್ಲಿ ಎದುರುಮನೆಯವರನ್ನು ಮರೆತು ಬಾಳುವುದು ಆಗದ ಮಾತು. ಒಂದೇ ಬೀದಿಯಲ್ಲಿ ಕನ್ನಡ, ತೆಲುಗು, ತಮಿಳು, ಉರ್ದು ಕೇಳುತ್ತದೆ. ಮುಳಬಾಗಿಲಿನಲ್ಲಿ ಆಂಜನೇಯನ ಗುಡಿಯೂ ಹೈದರ್ ವಲಿ ದರ್ಗಾವೂ ಶ್ರೀಪಾದರಾಜರ ಬೃಂದಾವನವೂ ಇವೆ. ಮನೆಯಲ್ಲಿ ನಡೆಯುವ ಪ್ರಾರ್ಥನಾಕೂಟದಲ್ಲಿ ‘ಸಾಕ್ಷಿ’, ಎಂದರೆ ತಮ್ಮ ನಂಬಿಕೆಯ ಅನುಭವ, ಹೇಳುವಾಗ ನೆರೆಯವರ ಪೂಜೆಯನ್ನು ಹೀಯಾಳಿಸಿದರೆ ಮಾತು ಬೆಳಗಾಗುವುದರೊಳಗೆ ಬೀದಿ ಮುಟ್ಟುತ್ತದೆ.

ನೆರೆಯವರನ್ನು ಗೌರವಿಸುವುದರ ಜೊತೆಗೆ ಇನ್ನೊಂದು ಕೆಲಸವೂ ಬಾಕಿ ಇದೆ. ಖಿನ್ನತೆ ಬಂದವರಿಗೆ ‘ನಂಬಿಕೆ ಸಾಲದು’ ಎನ್ನುವ ಮಾತು ಮನೆಗಳಲ್ಲಿ ಇನ್ನೂ ನಿಂತಿಲ್ಲ. ಸಕಾರಾತ್ಮಕ ಯೋಚನೆಯ ಉಪದೇಶ ಹೀಗೆ ಬಳಕೆಯಾದಾಗ ರೋಗಿಗೆ ಕಾಯಿಲೆಯ ಜೊತೆ ಅಪರಾಧಿ ಭಾವವನ್ನೂ ಹೊರಿಸುತ್ತದೆ. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ಕೋಲಾರದಿಂದ ಎಪ್ಪತ್ತು ಕಿಲೋಮೀಟರ್ ಆಸುಪಾಸಿನಲ್ಲಿದೆ. ಪ್ರಾರ್ಥನೆ ಮುಗಿಸಿ ಅಲ್ಲಿಗೆ ಬಸ್ಸು ಹತ್ತಿಸುವ ಪಾದ್ರಿ, ಮಿಷನ್ ಆಸ್ಪತ್ರೆ ಕಟ್ಟಿದವರ ಸಾಲಿನವರೇ.