ಹರಿಹರದ ಹೊಳೆ ದಾಟಿದ ದಂಡು

ಮೊನ್ನೆ ದಾವಣಗೆರೆಯಲ್ಲಿ ಮಿತ್ರರೊಬ್ಬರ ಮನೆಯಲ್ಲಿ ಕುಳಿತು ಒಂದು ಅಮೆರಿಕನ್ ಚಿತ್ರ ನೋಡಿದೆ. 2015ರ 'ಸಿಕಾರಿಯೊ' ಚಿತ್ರದ ಮುಂದಿನ ಭಾಗ, 2018ರಲ್ಲಿ ಬಂದದ್ದು. ಮೆಕ್ಸಿಕೋ ಗಡಿ, ಮಾದಕ ವಸ್ತುಗಳ ಕಳ್ಳಸಾಗಣೆಯ ದಳಗಳು, ಅವುಗಳನ್ನು ಅಡಗಿಸಲು ತಾನೇ ಕಾನೂನು ಮೀರಿ ಗಡಿ ದಾಟುವ ಸರಕಾರ. ದಳದ ಯಜಮಾನನೊಬ್ಬನ ಮಗಳನ್ನು ಸರಕಾರದವರೇ ಅಪಹರಿಸುತ್ತಾರೆ. ಕಡೆಗೆ ಅವರ ಕಡೆಯವನೊಬ್ಬನೇ ಆಕೆಗೆ ಕಾವಲಾಗುತ್ತಾನೆ.

"ಇಂಥದ್ದೆಲ್ಲ ನಮ್ಮ ಸೀಮೆಯಲ್ಲಿ ಎಲ್ಲಿ ಬಂತು ಬಿಡಿ" ಎಂದರು ಮಿತ್ರರು. ನನಗೋ ಆಗಲೇ ಹರಿಹರದ ಹೊಳೆ ನೆನಪಾಗಿತ್ತು. ಮಾದಕ ವಸ್ತುವಿನ ಮಾತೊಂದನ್ನು ಬಿಟ್ಟರೆ ಉಳಿದುದೆಲ್ಲ ಅಲ್ಲಿ ನಡೆದದ್ದೇ. ಅದೂ ಎರಡು ಭಾಗಗಳಲ್ಲಿ!

ಕಥೆಯ ನಾಯಕ ಧೋಂಡಿಯಾ ವಾಘ್ ನಮ್ಮ ಚನ್ನಗಿರಿಯಲ್ಲಿ ಹುಟ್ಟಿದವನು. ಹೈದರಾಲಿಯ ಕುದುರೆ ದಂಡಿನಲ್ಲಿದ್ದು, ಆಮೇಲೆ ಸ್ವಂತ ತಂಡ ಕಟ್ಟಿ ಸುಲಿಗೆಗೆ ಇಳಿದ. ಟಿಪ್ಪುವನ್ನು ಆಶ್ರಯಿಸಿ, ಅವನಿಂದಲೇ ಸೆರೆ ಸೇರಿದ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಹೊರಬಂದ. ಸಂಬಳ ನಿಂತ ಸಿಪಾಯಿಗಳು ಅವನ ಹಿಂದೆ ಹೊರಟರು. ಕೈಯಲ್ಲಿ ಕತ್ತಿಯಿದ್ದು ಹೊಟ್ಟೆಗಿಲ್ಲದವನು ಇನ್ನೆಲ್ಲಿಗೆ ಹೋದಾನು? ಬಿದನೂರು ಸೀಮೆಯಲ್ಲಿ ಅವನದೇ ಆಳ್ವಿಕೆಯಾಯಿತು. ಕಂಪನಿಯ ದಂಡು ಶಿಕಾರಿಪುರದ ಕಡೆಯಿಂದ ಒತ್ತಿದಾಗ ಗಡಿ ದಾಟಿ ಮರಾಠರ ನೆಲ ಸೇರಿದ. ದಂಡು ಗಡಿಯಲ್ಲೇ ನಿಂತಿತು. ಇಲ್ಲಿಗೆ ಮೊದಲ ಭಾಗ ಮುಗಿಯಿತು.

ಮರುವರ್ಷ ಅವನು ಸಾವಿರಾರು ಸವಾರರೊಡನೆ ಮತ್ತೆ ಎದ್ದ. 'ಎರಡು ಲೋಕಗಳ ಒಡೆಯ' ಎಂಬ ಬಿರುದು ಬೇರೆ! ಕಂಪನಿಯವರು ಅವನನ್ನು ಶತ್ರುರಾಜನೆಂದು ಎಣಿಸಲಿಲ್ಲ. ಸಿಕ್ಕಲ್ಲಿ ಮರಕ್ಕೆ ನೇತುಹಾಕಬೇಕೆಂದು ಆಜ್ಞೆಯಾಯಿತು. ಪೇಶ್ವೆಯ ಒಪ್ಪಿಗೆ ಪಡೆದು ಕರ್ನಲ್ ಆರ್ಥರ್ ವೆಲ್ಲೆಸ್ಲಿ 1800ರ ಜೂನಿನಲ್ಲಿ ಹರಿಹರದ ಬಳಿ ತುಂಗಭದ್ರೆಯನ್ನು ದಾಟಿಯೇಬಿಟ್ಟ. ಆಗ ಸೇತುವೆಯಿರಲಿಲ್ಲ, ಅದು ಮುಗಿದದ್ದು 1868ರಲ್ಲಿ. ಆಚೆ ದಡದ ರಾಣೆಬೆನ್ನೂರಿನ ಕೋಟೆ ಅದೇ ತಿಂಗಳು ಬಿತ್ತು; ಒಳಗಿದ್ದ ಕಾವಲು ಪಡೆಯನ್ನು ಕೊಂದರು. ಸುಲಿಗೆಕೋರರನ್ನು ಹಿಡಿಯಲು ಬಂದವರು ಮಾಡಿದ ಈ ಕೆಲಸಕ್ಕೆ ಏನು ಹೆಸರು? ಇತಿಹಾಸದ ಪುಸ್ತಕಗಳು ಇಂಥ ಕಡೆ ಬೇಗ ಪುಟ ತಿರುವುತ್ತವೆ. ಧೋಂಡಿಯಾ ದೇವಮಾನವನೆಂದು ನಾನೇನೂ ಹೇಳುವುದಿಲ್ಲ. ಅವನ ಕುದುರೆಗಳು ಮೇದುದೂ ಬಡರೈತನ ಪೈರನ್ನೇ.

ಬೆನ್ನಟ್ಟುವಿಕೆ ಮಳೆಗಾಲವೆಲ್ಲ ನಡೆಯಿತು. ಮರಾಠರ ಸರದಾರ ಗೋಖಲೆ ಧೋಂಡಿಯಾನ ಕೈಯಲ್ಲಿ ಸತ್ತ. ಡಂಬಳ ಹೋಯಿತು, ಮಲಪ್ರಭೆಯ ದಡದಲ್ಲಿ ಪಾಳೆಯ ಹೋಯಿತು. ಸೆಪ್ಟೆಂಬರ್ 10ರಂದು ಈಗಿನ ರಾಯಚೂರು ಜಿಲ್ಲೆಯ ಕೋನಗಲ್ಲಿನಲ್ಲಿ ವೆಲ್ಲೆಸ್ಲಿ ನಾಲ್ಕು ಕುದುರೆ ರೆಜಿಮೆಂಟುಗಳನ್ನು ಒಂದೇ ಸಾಲಿನಲ್ಲಿ ನುಗ್ಗಿಸಿದ. ಧೋಂಡಿಯಾ ಅಲ್ಲೇ ಬಿದ್ದ.

ಹರಿಹರದ ಹೊಳೆ ಮಾತ್ರ ಮತ್ತೂ ಬಹುಕಾಲ ಗಡಿಯಾಗಿಯೇ ಉಳಿಯಿತು. ಈಚೆ ಮೈಸೂರು, ಆಚೆ ಮೊದಲು ಪೇಶ್ವೆ, 1818ರ ತರುವಾಯ ಮುಂಬಯಿ ಸರಕಾರ. ಎರಡು ದಡದಲ್ಲೂ ಆಡುವ ಮಾತು ಕನ್ನಡವೇ. ಆ ಗೆರೆ ಅಳಿದದ್ದು 1956ರ ನವೆಂಬರ್ 1ರಂದು.

ಮಿತ್ರರು ಸುಮ್ಮನೆ ಕೇಳುತ್ತಿದ್ದವರು, "ಮಕ್ಕಳು ಮರಿ ಇರಲಿಲ್ಲವೇ ಅವನಿಗೆ?" ಎಂದರು.

ಇದ್ದ. ಕೋನಗಲ್ಲಿನ ಸರಂಜಾಮಿನ ನಡುವೆ ಸುಮಾರು ನಾಲ್ಕು ವರ್ಷದ ಹುಡುಗ ಸಿಕ್ಕಿದ. ಸಲಾಬತ್ ಖಾನ್ ಎಂದು ಹೆಸರು. ತಂದೆಯನ್ನು ಕೊಲ್ಲಿಸಿದ ವೆಲ್ಲೆಸ್ಲಿ ಮಗುವನ್ನು ತನ್ನ ಡೇರೆಗೆ ಕರೆಸಿಕೊಂಡು ಸಾಕಿದ. ಹಿಂದೂಸ್ಥಾನ ಬಿಡುವಾಗ ಅವನ ಪೋಷಣೆಗೆ ಹಣ ಇಟ್ಟು ಹೋದ. ಹುಡುಗ ಬೆಳೆದು ಮೈಸೂರು ಅರಸರ ಚಾಕರಿ ಸೇರಿದ. 1822ರಲ್ಲಿ ಕಾಲರಾ ಬಂದು ತೀರಿಕೊಂಡ.