ವರ್ಷದ ನೀರು, ಸೆಕೆಂಡಿನ ಲೆಕ್ಕ

ಮಳೆ ಕಡಿಮೆಯಾದ ವರ್ಷಗಳಲ್ಲಿ ಕಾವೇರಿಯ ಸುದ್ದಿಯೊಂದಿಗೆ ಎರಡು ಮಾನಗಳು ಪತ್ರಿಕೆಗಳಲ್ಲಿ ಕಾಣಿಸುತ್ತವೆ: ಟಿ.ಎಂ.ಸಿ. ಮತ್ತು ಕ್ಯೂಸೆಕ್. ಮಳವಳ್ಳಿ ತಾಲ್ಲೂಕಿನ ಪೂರಿಗಾಲಿಯಂಥ ಕಾವೇರಿ ಸೀಮೆಯ ಊರುಗಳಲ್ಲಿ ಇವು ಮಕ್ಕಳ ಕಿವಿಗೂ ಬೀಳುವ ಪದಗಳು. ಮೊದಲನೆಯದು ನೀರಿನ ಮೊತ್ತ, ಎರಡನೆಯದು ಹರಿವಿನ ದರ. ಇವೆರಡನ್ನೂ ಜೋಡಿಸುವುದು ಕಾಲ.

ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಸುಮಾರು 28.3 ಲೀಟರು ನೀರು ಹರಿದರೆ ಅದು ಒಂದು ಕ್ಯೂಸೆಕ್. ದಿನಕ್ಕೆ 24 × 60 × 60 = 86,400 ಸೆಕೆಂಡು; 365 ದಿನಗಳ ವರ್ಷಕ್ಕೆ 3,15,36,000 ಸೆಕೆಂಡು.

ವರ್ಷವನ್ನು ಹೇಗೆ ಒಡೆಯಬೇಕು ಎಂಬ ಪ್ರಶ್ನೆ ಹಳೆಯದು. ಮೈಸೂರು ಮತ್ತು ಮದರಾಸುಗಳ ನಡುವಿನ 1924ರ ಒಪ್ಪಂದದಲ್ಲಿ, ಕೃಷ್ಣರಾಜಸಾಗರದಲ್ಲಿ ನೀರು ಶೇಖರಿಸುವ ಮುನ್ನ ಮೇಲಣೆಕಟ್ಟಿನಲ್ಲಿ ಇರಬೇಕಾದ ಹರಿವನ್ನು ತಿಂಗಳುವಾರು ಗೊತ್ತುಪಡಿಸಲಾಗಿತ್ತು. 1991ರ ಜೂನ್ 25ರಂದು ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶ ಬಂದಿತು. ಜೂನ್‌ನಿಂದ ಮೇವರೆಗಿನ ವರ್ಷದಲ್ಲಿ ಮೆಟ್ಟೂರು ಜಲಾಶಯಕ್ಕೆ 205 ಟಿ.ಎಂ.ಸಿ. ತಲುಪಬೇಕು, ಪ್ರತಿ ತಿಂಗಳ ಪಾಲನ್ನು ನಾಲ್ಕು ವಾರಗಳಲ್ಲಿ ನಾಲ್ಕು ಸಮಕಂತುಗಳಾಗಿ ಬಿಡಬೇಕು ಎಂದು ಅದು ಹೇಳಿತು. 2007ರ ಅಂತಿಮ ತೀರ್ಪು ವಾರದ ಬದಲು ಹತ್ತು ದಿನಗಳ ಅವಧಿಯನ್ನು ತಂದಿತು. ಅಳೆಯುವ ಜಾಗವೂ ಬಿಳಿಗುಂಡ್ಲುವಿಗೆ ಬದಲಾಯಿತು. ಆಗ ನಿಗದಿಯಾದ 192 ಟಿ.ಎಂ.ಸಿ.ಯನ್ನು ಸುಪ್ರೀಂ ಕೋರ್ಟು 2018ರ ಫೆಬ್ರವರಿ 16ರಂದು 177.25ಕ್ಕೆ ಇಳಿಸಿತು.

ಈಗ 177.25 ಟಿ.ಎಂ.ಸಿ.ಯನ್ನು ಇಡೀ ವರ್ಷದ ಸೆಕೆಂಡುಗಳಿಂದ ಭಾಗಿಸಿ. ಸುಮಾರು 5,621 ಕ್ಯೂಸೆಕ್ ಬರುತ್ತದೆ. ಭಾಗಾಕಾರದಲ್ಲಿ ತಪ್ಪಿಲ್ಲ. ಆದರೆ ನದಿ ಹೀಗೆ ಹರಿಯುವುದಿಲ್ಲ. ತಿಂಗಳ ಪಟ್ಟಿಯನ್ನು ನೋಡಿ:

ಆಗಸ್ಟ್: 45.95 ಟಿ.ಎಂ.ಸಿ., 31 ದಿನ, ಸುಮಾರು 17,156 ಕ್ಯೂಸೆಕ್
ಫೆಬ್ರವರಿ: 2.5 ಟಿ.ಎಂ.ಸಿ., 28 ದಿನ, ಸುಮಾರು 1,033 ಕ್ಯೂಸೆಕ್

ಒಂದೇ ವಾರ್ಷಿಕ ಮೊತ್ತದೊಳಗೆ ಹದಿನಾರು ಪಟ್ಟಿಗೂ ಹೆಚ್ಚಿನ ಅಂತರ ಅಡಗಿದೆ. ಮುಂಗಾರಿನ ನದಿಗೆ ವಾರ್ಷಿಕ ಸರಾಸರಿ ಒಂದು ಅಂಕಿ ಮಾತ್ರ. ಭತ್ತದ ಪೈರಿಗೆ ಬೇಕಾದ ವಾರದಲ್ಲಿ ನೀರು ಸಿಗದಿದ್ದರೆ, ವರ್ಷದ ಮೊತ್ತ ಸರಿಹೋಯಿತೆಂದು ಪೈರು ಬದುಕುವುದಿಲ್ಲ. ಇದು ಮಂಡ್ಯದ ಗದ್ದೆಗೂ ನಿಜ, ತಂಜಾವೂರಿನ ಗದ್ದೆಗೂ ನಿಜ.

ತಿಂಗಳೆಂಬ ಮಾನವೂ ಒಂದೇ ಸಮನಲ್ಲ. ಆಗಸ್ಟಿಗೆ 30 ದಿನವೆಂದು ಹಿಡಿದರೆ ಉತ್ತರ 17,728 ಕ್ಯೂಸೆಕ್ ಆಗುತ್ತದೆ. ಒಂದು ದಿನದ ಉಪೇಕ್ಷೆಗೆ 572 ಕ್ಯೂಸೆಕ್ ವ್ಯತ್ಯಾಸ!

ತಿರುಗುಮುರುಗಾದ ಲೆಕ್ಕವೂ ಅಷ್ಟೇ ಮುಖ್ಯ. 2016ರ ಸೆಪ್ಟೆಂಬರ್ 5ರಂದು ಸುಪ್ರೀಂ ಕೋರ್ಟು ಹತ್ತು ದಿನ 15,000 ಕ್ಯೂಸೆಕ್ ನೀರು ಬಿಡುವಂತೆ ಆದೇಶಿಸಿತು. ಒಂದು ವಾರದ ಬಳಿಕ ಅದನ್ನು 12,000ಕ್ಕೆ ಇಳಿಸಿತು. ಮೊದಲ ಆದೇಶ ಪೂರ್ತಿ ಜಾರಿಯಾಗಿದ್ದರೆ ಹರಿಯುತ್ತಿದ್ದ ನೀರು 15,000 × 86,400 × 10, ಅಂದರೆ 12.96 ಟಿ.ಎಂ.ಸಿ. ಕ್ಯೂಸೆಕ್ ಅಂಕಿಯನ್ನಷ್ಟೇ ಓದಿ ಅವಧಿಯನ್ನು ಬಿಟ್ಟರೆ ಈ ಮೊತ್ತ ತಿಳಿಯುವುದೇ ಇಲ್ಲ.

ಕಾಲವನ್ನು ಸಣ್ಣ ಮಾನಕ್ಕೆ ಇಳಿಸುವುದು ಗುಣಾಕಾರದ ಕೆಲಸ. ಯಾವ ಮಾನಕ್ಕೆ ಇಳಿಸಬೇಕೆಂಬುದು ವಿವೇಚನೆಯ ಕೆಲಸ. ಶಿಕ್ಷಕರು ತರಗತಿಯಲ್ಲಿ ಈ ಪ್ರಶ್ನೆ ಕೊಡಬಹುದು: 5,000 ಕ್ಯೂಸೆಕ್‌ನಂತೆ ಒಂದು ಟಿ.ಎಂ.ಸಿ. ನೀರು ಹರಿಯಲು ಎಷ್ಟು ಕಾಲ ಬೇಕು? ಉತ್ತರ: 2,00,000 ಸೆಕೆಂಡು, ಅಂದರೆ 2 ದಿನ 7 ಗಂಟೆ 33 ನಿಮಿಷ 20 ಸೆಕೆಂಡು.