ನೊಣ ಬಿಟ್ಟು ನೊಣ ಅಳಿಸಿದ ಎಡ್ವರ್ಡ್ ನಿಪ್ಲಿಂಗ್

ಎಡ್ವರ್ಡ್ ಫ್ರೆಡ್ ನಿಪ್ಲಿಂಗ್ (1909–2000) ಅಮೆರಿಕದ ಕೃಷಿ ಇಲಾಖೆಯ ಕೀಟವಿಜ್ಞಾನಿ. ಡಿಡಿಟಿ ಎಂಬ ಕೀಟನಾಶಕವನ್ನು ಸೈನಿಕರ ಬಳಕೆಗೆ ತಂದವರಲ್ಲಿ ಒಬ್ಬರು. ವಿಷದ ಹಂಗಿಲ್ಲದೆ ಒಂದು ಕೀಟವನ್ನೇ ದೇಶದಿಂದ ಅಳಿಸಬಹುದೆಂದು ತೋರಿಸಿದವರೂ ಅವರೇ.

ಗಾಯಕ್ಕೆ ಬೀಳುವ ಹುಳ

ಟೆಕ್ಸಾಸ್‌ನ ಪೋರ್ಟ್ ಲವಾಕಾದ ರೈತ ಕುಟುಂಬದಲ್ಲಿ ಹುಟ್ಟಿದ ನಿಪ್ಲಿಂಗ್‌ಗೆ ಸ್ಕ್ರೂವರ್ಮ್ ಬಾಲ್ಯದಿಂದಲೇ ಪರಿಚಿತ ಶತ್ರು. ಇದರ ಹೆಣ್ಣು ನೊಣ ದನದ ಗಾಯದ ಅಂಚಿನಲ್ಲಿ, ಆಗತಾನೇ ಹುಟ್ಟಿದ ಕರುವಿನ ಹೊಕ್ಕುಳಲ್ಲಿ ಇನ್ನೂರು ಮುನ್ನೂರು ಮೊಟ್ಟೆ ಇಡುತ್ತದೆ. ಒಂದು ದಿನದೊಳಗೆ ಹೊರಬರುವ ಹುಳಗಳು ತಲೆ ಕೆಳಗಾಗಿ ಒಳಹೊಕ್ಕು ಜೀವಂತ ಮಾಂಸವನ್ನೇ ತಿನ್ನುತ್ತವೆ. ಆ ವಾಸನೆಗೆ ಮತ್ತಷ್ಟು ನೊಣ ಬಂದು ಕೂರುತ್ತವೆ. ಆರೈಕೆ ಸಿಗದಿದ್ದರೆ ದೊಡ್ಡ ಎತ್ತೂ ಉಳಿಯದು. ಇದರ ದಾಯಾದಿಯೊಂದು ನಮ್ಮಲ್ಲೂ ಇದೆ. ದನದ ಹುಣ್ಣಿಗೆ ಹುಳ ಬಿದ್ದಾಗ ಸೀತಾಫಲದ ಎಲೆ ಅರೆದು ಕಟ್ಟುವ ರೂಢಿ ನಮ್ಮ ಹಳ್ಳಿಗಳಿಗೆ ಹೊಸದಲ್ಲ.

1930ರ ದಶಕದಲ್ಲಿ ನಿಪ್ಲಿಂಗ್ ಮತ್ತು ಸಹೋದ್ಯೋಗಿ ರೇಮಂಡ್ ಬುಷ್‌ಲ್ಯಾಂಡ್ ಟೆಕ್ಸಾಸ್‌ನಲ್ಲಿ ಈ ನೊಣದ ಬೆನ್ನು ಹತ್ತಿದರು. ಕೊಚ್ಚಿದ ಮಾಂಸ, ರಕ್ತ ಬೆರೆಸಿ ಅದನ್ನು ಪ್ರಯೋಗಾಲಯದಲ್ಲೇ ಸಾಕುವ ದಾರಿಯನ್ನು ಬುಷ್‌ಲ್ಯಾಂಡ್ ಕಂಡುಕೊಂಡರು. ಹೆಣ್ಣು ನೊಣ ಬದುಕಿನಲ್ಲಿ ಒಮ್ಮೆ ಮಾತ್ರ ಕೂಡುತ್ತದೆ ಎಂಬುದು ನಿಪ್ಲಿಂಗ್ ಮನಸ್ಸಿನಲ್ಲಿ ಕೂತುಬಿಟ್ಟಿತು. ಆ ಒಂದು ಕೂಡುವಿಕೆಯನ್ನು ವ್ಯರ್ಥಗೊಳಿಸಿದರೆ? ಆದರೆ ಗಂಡನ್ನು ನಿರ್ವೀರ್ಯಗೊಳಿಸುವ ಉಪಾಯ ಆಗ ಅವರಿಗೆ ಗೊತ್ತಿರಲಿಲ್ಲ.

ಯುದ್ಧ ಮತ್ತು ಡಿಡಿಟಿ

ಅಷ್ಟರಲ್ಲಿ ಎರಡನೇ ಮಹಾಯುದ್ಧ ಬಂತು. 1942ರಿಂದ ನಿಪ್ಲಿಂಗ್ ಫ್ಲಾರಿಡಾದ ಒರ್ಲ್ಯಾಂಡೊ ಪ್ರಯೋಗಾಲಯದ ಮುಖ್ಯಸ್ಥರು. ಹೇನು, ಸೊಳ್ಳೆಗಳಿಂದ ಸೈನಿಕರನ್ನು ಕಾಯುವುದು ಅಲ್ಲಿನ ಕೆಲಸ. ಸ್ವಿಟ್ಜರ್‌ಲ್ಯಾಂಡಿನಿಂದ ಬಂದ ಡಿಡಿಟಿಯನ್ನು ಪರೀಕ್ಷಿಸಿ ಹೇನಿನ ಪುಡಿಯಾಗಿ ರೂಪಿಸಿದ್ದು ಇದೇ ತಂಡ. 1943–44ರ ಚಳಿಗಾಲದಲ್ಲಿ ಇಟಲಿಯ ನೇಪಲ್ಸ್‌ನಲ್ಲಿ ಟೈಫಸ್ ಹಬ್ಬಿದಾಗ ಜನರ ಬಟ್ಟೆಯೊಳಗೆ ಪುಡಿ ಊದಿ ಜ್ವರವನ್ನು ಹತೋಟಿಗೆ ತರಲಾಯಿತು. ಆದರೆ ಕೆಲವೇ ವರ್ಷಗಳಲ್ಲಿ ಮನೆನೊಣಗಳು ಡಿಡಿಟಿಗೆ ಜಗ್ಗದಾದವು.

ಕಾಗದದ ಮೇಲಿನ ಲೆಕ್ಕ

ನಿಪ್ಲಿಂಗ್‌ರ ನಿಜವಾದ ಪ್ರತಿಭೆ ರಸಾಯನಶಾಸ್ತ್ರದಲ್ಲಿರಲಿಲ್ಲ, ಅಂಕಗಣಿತದಲ್ಲಿತ್ತು ಎನ್ನಬೇಕು. 1955ರಲ್ಲಿ ಅವರು ಪ್ರಕಟಿಸಿದ ಲೆಕ್ಕ ಶಾಲಾಮಕ್ಕಳಿಗೂ ಅರ್ಥವಾಗುವಂಥದ್ದು. ಒಂದು ಪ್ರದೇಶದಲ್ಲಿ ಹತ್ತು ಲಕ್ಷ ಹೆಣ್ಣು, ಅಷ್ಟೇ ಗಂಡು ನೊಣಗಳಿವೆ ಎನ್ನಿ. ಪ್ರತಿ ಪೀಳಿಗೆಗೂ 20 ಲಕ್ಷ ನಿರ್ವೀರ್ಯ ಗಂಡುಗಳನ್ನು ಬಿಟ್ಟರೆ ಮೂರರಲ್ಲಿ ಎರಡು ಪಾಲು ಹೆಣ್ಣುಗಳ ಮೊಟ್ಟೆ ಮರಿಯಾಗುವುದಿಲ್ಲ. ಮುಂದಿನ ಪೀಳಿಗೆಯಲ್ಲಿ 3,33,333 ಹೆಣ್ಣುಗಳು. ಬಿಡುವುದು ಮತ್ತೆ 20 ಲಕ್ಷವೇ, ಆದರೆ ಈಗ ಒಂದು ಸಹಜ ಗಂಡಿಗೆ ಆರು ನಿರ್ವೀರ್ಯ ಗಂಡುಗಳ ಪೈಪೋಟಿ. ಉಳಿಯುವುದು 47,619. ಆಮೇಲೆ 1,107. ಅದರ ಮುಂದಿನ ಪೀಳಿಗೆಗೆ ಒಂದೂ ಇಲ್ಲ.

ಶೇ. 90 ಕೊಲ್ಲುವ ಕೀಟನಾಶಕವಾದರೆ ಅಷ್ಟೇ ಪೀಳಿಗೆಗಳ ನಂತರವೂ ನೂರು ಉಳಿದಿರುತ್ತವೆ. ವಿಷದ ಪಾಲು ಪ್ರತಿ ಸಲವೂ ಅಷ್ಟೇ. ಈ ವಿಧಾನದ ಬಿಗಿ ಮಾತ್ರ ಶತ್ರು ಕಡಿಮೆಯಾದಂತೆಲ್ಲ ಹೆಚ್ಚುತ್ತದೆ.

ಕ್ಷಕಿರಣದಿಂದ ಕುರಸಾವ್‌ವರೆಗೆ

ವಿಕಿರಣ ಹಣ್ಣುನೊಣಗಳನ್ನು ಬಂಜೆಯಾಗಿಸುತ್ತದೆ ಎಂದು ತಳಿವಿಜ್ಞಾನಿ ಹರ್ಮನ್ ಮುಲ್ಲರ್ ಬರೆದಿದ್ದುದು 1950ರಲ್ಲಿ ನಿಪ್ಲಿಂಗ್ ಗಮನಕ್ಕೆ ಬಂತು. ಬುಷ್‌ಲ್ಯಾಂಡ್ ಸೇನಾ ಆಸ್ಪತ್ರೆಯೊಂದರ ಕ್ಷಕಿರಣ ಯಂತ್ರದಲ್ಲಿ ಕೋಶಾವಸ್ಥೆಯ ಸ್ಕ್ರೂವರ್ಮ್‌ಗಳನ್ನಿಟ್ಟು ನೋಡಿದರು. ಉಪಾಯ ಫಲಿಸಿತು.

ಫ್ಲಾರಿಡಾದ ಸ್ಯಾನಿಬೆಲ್ ದ್ವೀಪದಲ್ಲಿ ಅಂಥ ನೊಣಗಳನ್ನು ಬಿಟ್ಟ ಪ್ರಯೋಗ ಪೂರ್ತಿ ಕೈಗೂಡಲಿಲ್ಲ. ದಡ ಹತ್ತಿರವಿದ್ದು ಹೊಸ ನೊಣಗಳು ಬರುತ್ತಲೇ ಇದ್ದವು. 1954ರಲ್ಲಿ ಕೆರಿಬಿಯನ್ನಿನ ಕುರಸಾವ್ ದ್ವೀಪಕ್ಕೆ, ಸುಮಾರು 444 ಚದರ ಕಿ.ಮೀ. ಪ್ರದೇಶಕ್ಕೆ, ಒರ್ಲ್ಯಾಂಡೊದಲ್ಲಿ ಬೆಳೆಸಿದ ನೊಣಗಳನ್ನು ವಿಮಾನದಲ್ಲಿ ಸಾಗಿಸಲಾಯಿತು. ಅಲ್ಲಿನ ಆಡುಗಳ ಗಾಯದಲ್ಲಿ ಸಿಗುವ ಮೊಟ್ಟೆಗಳೆಲ್ಲ ಮರಿಯಾಗದವೇ ಆದವು, ಕೆಲವೇ ತಿಂಗಳಲ್ಲಿ ಮೊಟ್ಟೆಗಳೇ ಸಿಗದಾದವು. ಬಳಿಕ ಫ್ಲಾರಿಡಾದ ಸೀಬ್ರಿಂಗ್‌ನಲ್ಲಿ ವಾರಕ್ಕೆ ಐದು ಕೋಟಿ ನೊಣ ಬೆಳೆಸುವ ಕಾರ್ಖಾನೆ ಎದ್ದಿತು. 1959ಕ್ಕೆ ಅಮೆರಿಕದ ಇಡೀ ಆಗ್ನೇಯ ಭಾಗ ಹುಳಮುಕ್ತ. ರೇಚೆಲ್ ಕಾರ್ಸನ್ 1962ರ ‘ಸೈಲೆಂಟ್ ಸ್ಪ್ರಿಂಗ್’ ಕೃತಿಯಲ್ಲಿ ಕೀಟನಾಶಕಕ್ಕೆ ಪರ್ಯಾಯವಾಗಿ ನಿಪ್ಲಿಂಗ್‌ರ ಈ ವಿಧಾನವನ್ನು ಮೆಚ್ಚಿ ಬರೆದರು. 1992ರ ವಿಶ್ವ ಆಹಾರ ಪ್ರಶಸ್ತಿ ನಿಪ್ಲಿಂಗ್, ಬುಷ್‌ಲ್ಯಾಂಡ್ ಇಬ್ಬರಿಗೂ ಒಟ್ಟಿಗೆ ಬಂತು.

ದೆಹಲಿಯ ಸೊಳ್ಳೆ ವಿವಾದ

ಇದೇ ತತ್ತ್ವವನ್ನು ಸೊಳ್ಳೆಗಳ ಮೇಲೆ ಪರೀಕ್ಷಿಸಲು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 1970ರ ದಶಕದ ಆರಂಭದಲ್ಲಿ ದೆಹಲಿಯಲ್ಲಿ ಕೆಲಸ ಆರಂಭಿಸಿದ್ದವು. ಅಮೆರಿಕದ ಹಣ, ಸೊಳ್ಳೆ, ಗೋಪ್ಯತೆ: ಜೈವಿಕ ಯುದ್ಧದ ಗುಮಾನಿ ಹುಟ್ಟಲು ಇಷ್ಟು ಸಾಕಾಯಿತು. ವಿಷಯ ಸಂಸತ್ತಿನವರೆಗೆ ಹೋಯಿತು. ಹರಿಯಾಣದ ಸೋನಿಪತ್‌ನಲ್ಲಿ ಬಿಡಬೇಕಿದ್ದ ಸೊಳ್ಳೆಗಳು ಹಾರಲಿಲ್ಲ, 1975ರಲ್ಲಿ ಯೋಜನೆಯೇ ಮುಚ್ಚಿತು. ಜನರಿಗೆ ಮೊದಲೇ ಬಿಡಿಸಿ ಹೇಳಿದ್ದರೆ ಕಥೆ ಬೇರೆಯಾಗುತ್ತಿತ್ತೇನೋ.

ಮತ್ತೆ ಬಂದ ನೊಣ

ಅಮೆರಿಕದಿಂದ ಮೆಕ್ಸಿಕೊ, ಅಲ್ಲಿಂದ ಮಧ್ಯ ಅಮೆರಿಕದ ದೇಶಗಳೆಂದು ಸ್ಕ್ರೂವರ್ಮ್ ನೊಣವನ್ನು ದಕ್ಷಿಣಕ್ಕೆ ತಳ್ಳುತ್ತ ಹೋಗಿ 2006ರ ಹೊತ್ತಿಗೆ ಪನಾಮಾದ ದಾರಿಯೆನ್ ಕಾಡಿನಲ್ಲಿ ಗಡಿ ಹಾಕಲಾಯಿತು. ಪನಾಮಾದ ಕಾರ್ಖಾನೆಯ ನಿರ್ವೀರ್ಯ ನೊಣಗಳನ್ನು ಅಲ್ಲಿ ಎಡೆಬಿಡದೆ ಸುರಿಯುತ್ತಿದ್ದರು. ಗೆದ್ದೆವೆಂಬ ಧೈರ್ಯದಲ್ಲಿ ಮೆಕ್ಸಿಕೊದಲ್ಲಿದ್ದ ಅಂಥದೇ ಕಾರ್ಖಾನೆಯನ್ನು 2012ರಲ್ಲಿ ಮುಚ್ಚಿದರು. 2023ರಿಂದ ಆ ಗಡಿ ಕುಸಿಯತೊಡಗಿತು. 2024ರ ನವೆಂಬರ್‌ನಲ್ಲಿ ಹುಳ ಮೆಕ್ಸಿಕೊ ತಲುಪಿತು, ಅಮೆರಿಕ ಅಲ್ಲಿನ ದನಗಳ ಆಮದು ನಿಲ್ಲಿಸಿತು. ಟೆಕ್ಸಾಸ್‌ನ ಮೂರ್ ವಾಯುನೆಲೆಯಲ್ಲಿ ಮತ್ತೆ ನಿರ್ವೀರ್ಯ ನೊಣಗಳ ಕೇಂದ್ರ ತೆರೆಯುವುದಾಗಿ 2025ರಲ್ಲಿ ಅಮೆರಿಕ ಘೋಷಿಸಿತು.